ಮನೆ ಸ್ಟುಡಿಯೋದಲ್ಲಿ ಸಿಗ್ನಲ್ ರೂಟಿಂಗ್: ಮೈಕ್‌ನಿಂದ ಹೆಡ್‌ಫೋನ್‌ವರೆಗೆ, ಹಂತ ಹಂತವಾಗಿ

"ಮೈಕ್ ಹಾಕಿದ್ದೇನೆ, ಇಂಟರ್‌ಫೇಸ್‌ನಲ್ಲಿ ಲೈಟ್ ಉರಿಯುತ್ತಿದೆ, ಆದರೆ ಏನೂ ಕೇಳಿಸುತ್ತಿಲ್ಲ." "ಹಾಡುವವರಿಗೆ ಅವರದೇ ದನಿ ಎರಡೆರಡು ಸಲ ಕೇಳುತ್ತಿದೆಯಂತೆ." "ತಬಲಾದವರು ಹೆಡ್‌ಫೋನ್ ಹಾಕಿಕೊಂಡರೆ ಲಯ ಜಾರುತ್ತದೆ, ತೆಗೆದರೆ ಸರಿಹೋಗುತ್ತದೆ." ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆಗಳು ಇವೇ. ಕೇಳಲು ಮೂರು ಬೇರೆ ತೊಂದರೆ ಅನಿಸುತ್ತದೆ. ಬೇರು ಮಾತ್ರ ಒಂದೇ: ರೂಟಿಂಗ್. ಸದ್ದು ಎಲ್ಲಿಂದ ಹೊರಡಬೇಕು, ಯಾವ ದಾರಿಯಲ್ಲಿ ಹೋಗಬೇಕು, ಎಲ್ಲಿ ಸೇರಬೇಕು ಎಂದು ಗೊತ್ತುಮಾಡುವುದಕ್ಕೆ ಆ ಹೆಸರು.

ಶುರುಮಾಡುವ ಮೊದಲು ಒಂದು ವಿಷಯ ಮನಸ್ಸಿನಲ್ಲಿರಲಿ. ಸ್ಟುಡಿಯೋದಲ್ಲಿ ಯಾವಾಗಲೂ ಎರಡು ದಾರಿಗಳಿರುತ್ತವೆ. ರೆಕಾರ್ಡ್ ಆಗುವ ದಾರಿ ಒಂದು, ಕೇಳುವ ದಾರಿ ಇನ್ನೊಂದು. ಎರಡೂ ಒಂದೇ ಮೈಕ್‌ನಿಂದ ಹೊರಡುತ್ತವೆ, ಆಮೇಲೆ ಬೇರೆಯಾಗಬೇಕು. ಹೊಸಬರು ಪಡುವ ಪಾಡಿನಲ್ಲಿ ಮುಕ್ಕಾಲು ಪಾಲು ಈ ಎರಡು ದಾರಿ ಒಂದರೊಳಗೊಂದು ಸೇರಿಕೊಳ್ಳುವುದರಿಂದಲೇ ಬರುತ್ತದೆ.

ಉದಾಹರಣೆಗೆ ಒಂದು ಸುಗಮ ಸಂಗೀತದ ರೆಕಾರ್ಡಿಂಗ್ ತೆಗೆದುಕೊಳ್ಳೋಣ. ಒಬ್ಬರು ಗಾಯಕಿ, ತಬಲಾ, ಹಾರ್ಮೋನಿಯಂ, ಕೊಳಲು, ಕೀಬೋರ್ಡ್. ಜೊತೆಗೆ ಶ್ರುತಿ. ನಿಮ್ಮದು ಇದಕ್ಕಿಂತ ಚಿಕ್ಕದಿದ್ದರೆ ಬೇಡದ್ದನ್ನು ಬಿಟ್ಟು ಓದಿ.

ಏನೇನು ಬೇಕು?

8 ಮೈಕ್ ಪ್ರೀಆಂಪ್ ಇರುವ ಆಡಿಯೋ ಇಂಟರ್‌ಫೇಸ್ ಬೇಕು. ಪ್ರೀಆಂಪ್ ಅಂದರೆ ಮೈಕ್‌ನಿಂದ ಬರುವ ಅತಿ ಸಣ್ಣ ಸಿಗ್ನಲನ್ನು ಕೆಲಸಕ್ಕೆ ಬರುವಷ್ಟು ದೊಡ್ಡದು ಮಾಡುವ ಭಾಗ. ಇಂಟರ್‌ಫೇಸ್ ಅಂದರೆ ಆ ಸಿಗ್ನಲನ್ನು ಅಂಕಿಗಳಾಗಿ ಬದಲಿಸಿ ಕಂಪ್ಯೂಟರ್‌ಗೆ ಕೊಡುವ, ವಾಪಸ್ ಬಂದದ್ದನ್ನು ಮತ್ತೆ ಸದ್ದಾಗಿಸುವ ಪೆಟ್ಟಿಗೆ. ಕೊಳ್ಳುವಾಗ ಡಬ್ಬದ ಮೇಲಿನ ಸಂಖ್ಯೆ ನೋಡಿ ಮೋಸಹೋಗಬೇಡಿ. ಫೋಕಸ್‌ರೈಟ್ ಸ್ಕಾರ್ಲೆಟ್ 18ಐ20 ಅಂದರೆ 18 ಮೈಕ್ ಅಲ್ಲ. 8 ಅನಲಾಗ್ ಇನ್‌ಪುಟ್, ಅಡಾಟ್ ಎಂಬ ಆಪ್ಟಿಕಲ್ ಕೇಬಲ್‌ನಿಂದ ಬರುವ 8, ಎಸ್‌ಪಿಡಿಫ್ ಎಂಬ ಇನ್ನೊಂದು ಡಿಜಿಟಲ್ ಜೋಡಣೆಯ 2, ಒಟ್ಟು 18. ಪ್ರೀಆಂಪ್ ಎಷ್ಟಿವೆ ಎಂದು ಎಣಿಸಿಯೇ ದುಡ್ಡು ಕೊಡಿ.

ಇಂಟರ್‌ಫೇಸ್‌ಗೆ ಕನಿಷ್ಠ 4 ಲೈನ್ ಔಟ್‌ಪುಟ್ ಇರಲಿ. 2 ಸ್ಪೀಕರ್‌ಗೆ, 2 ಹೆಡ್‌ಫೋನ್ ಆಂಪ್‌ಗೆ, ಅಂದರೆ ಕಲಾವಿದರ ಹೆಡ್‌ಫೋನ್‌ಗಳಿಗೆ ಸದ್ದು ಹಂಚುವ ಪೆಟ್ಟಿಗೆಗೆ. ಹಾಡುವವರಿಗೆ ಹಿಂಭಾಗ ಮುಚ್ಚಿರುವ ಹೆಡ್‌ಫೋನ್ ಬೇಕು. ತೆರೆದ ಬಗೆಯದ್ದಾದರೆ ತಾಳದ ಟಿಕ್ ಟಿಕ್ ಸದ್ದು ಮೈಕ್‌ಗೆ ಸೋರುತ್ತದೆ. ಇವುಗಳ ಜೊತೆಗೆ ಕೇಬಲ್, ಬಿಳಿ ಪೇಪರ್ ಟೇಪು, ಒಂದು ಪೆನ್ನು.

ಹಂತ 1: ಮೊದಲು ಕಾಗದ, ಆಮೇಲೆ ಕೇಬಲ್

ಒಂದು ಹಾಳೆಯಲ್ಲಿ ಹೀಗೆ ಬರೆದುಕೊಳ್ಳಿ.

ಇನ್‌ಪುಟ್ 1: ಗಾಯಕಿ, ಕಂಡೆನ್ಸರ್ ಮೈಕ್
ಇನ್‌ಪುಟ್ 2: ಕೊಳಲು, ಕಂಡೆನ್ಸರ್
ಇನ್‌ಪುಟ್ 3: ಹಾರ್ಮೋನಿಯಂ, ಕಂಡೆನ್ಸರ್
ಇನ್‌ಪುಟ್ 4: ಟಾಕ್‌ಬ್ಯಾಕ್, ಅಂದರೆ ನೀವು ಕಲಾವಿದರ ಜೊತೆ ಮಾತಾಡುವ ಡೈನಮಿಕ್ ಮೈಕ್
ಇನ್‌ಪುಟ್ 5: ತಬಲಾದ ದಾಯಾ, ಡೈನಮಿಕ್ ಮೈಕ್
ಇನ್‌ಪುಟ್ 6: ತಬಲಾದ ಬಾಯಾ, ಡೈನಮಿಕ್ ಮೈಕ್
ಇನ್‌ಪುಟ್ 7 ಮತ್ತು 8: ಕೀಬೋರ್ಡ್‌ನ ಎಡ, ಬಲ
ಔಟ್‌ಪುಟ್ 1 ಮತ್ತು 2: ನಿಮ್ಮ ಸ್ಪೀಕರ್
ಔಟ್‌ಪುಟ್ 3 ಮತ್ತು 4: ಕಲಾವಿದರ ಹೆಡ್‌ಫೋನ್ ಆಂಪ್

ಈ ಕ್ರಮ ಸುಮ್ನೆ ಬರೆದದ್ದಲ್ಲ. ಕಂಡೆನ್ಸರ್ ಮೈಕ್‌ಗೆ ಕೆಲಸಮಾಡಲು ಕೇಬಲ್ ಮೂಲಕವೇ 48 ವೋಲ್ಟ್ ಕರೆಂಟ್ ಬೇಕು. ಅದಕ್ಕೆ ಫ್ಯಾಂಟಮ್ ಪವರ್ ಎನ್ನುತ್ತಾರೆ. ಡೈನಮಿಕ್ ಮೈಕ್‌ಗೆ ಅದು ಬೇಡ. ಹಲವು ಇಂಟರ್‌ಫೇಸ್‌ಗಳಲ್ಲಿ ಒಂದೊಂದು ಇನ್‌ಪುಟ್‌ಗೂ ಬೇರೆ ಸ್ವಿಚ್ ಇರುವುದಿಲ್ಲ. 1ರಿಂದ 4ಕ್ಕೆ ಒಂದು, 5ರಿಂದ 8ಕ್ಕೆ ಇನ್ನೊಂದು. ಹಾಗಾಗಿ ಫ್ಯಾಂಟಮ್ ಬೇಕಾದವರನ್ನೆಲ್ಲ ಒಂದು ಕಡೆ ಕೂರಿಸಿ, ಬೇಡದವರನ್ನು ಇನ್ನೊಂದು ಕಡೆ ಇಟ್ಟಿದ್ದೇನೆ.

ಶ್ರುತಿಗೆ ಇನ್‌ಪುಟ್ ಉಳಿಯಲಿಲ್ಲವಲ್ಲ ಅಂತೀರಾ? ನನ್ನ ಅಭಿಪ್ರಾಯದಲ್ಲಿ ಅದು ಬೇಡ. ಹಾಡಿನ ಶ್ರುತಿಯನ್ನು ಮೊದಲೇ ಒಂದು ಟ್ರ್ಯಾಕ್‌ನಲ್ಲಿ ಹತ್ತು ನಿಮಿಷ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಅದೇ ಎಲ್ಲರ ಹೆಡ್‌ಫೋನ್‌ಗೂ ಹೋಗಲಿ. ಕೋಣೆಯಲ್ಲಿ ಶ್ರುತಿಪೆಟ್ಟಿಗೆ ಮೊಳಗಿದರೆ ಅದು ಎಲ್ಲ ಮೈಕ್‌ಗೂ ಸೇರುತ್ತದೆ. ಆಮೇಲೆ ಒಂದು ಸಾಲು ಕತ್ತರಿಸಿ ಜೋಡಿಸಿದರೆ ತಂಬೂರಿ ನಾದ ತುಂಡಾದದ್ದು ಎದ್ದು ಕೇಳುತ್ತದೆ. ವಾರ ಬಿಟ್ಟು ಗಾಯಕಿ ಮತ್ತೆ ಬಂದಾಗಲೂ ಅದೇ ಶ್ರುತಿ ಕೂದಲೆಳೆಯಷ್ಟೂ ಆಚೀಚೆಯಾಗದೆ ಸಿಗುವುದು ಇನ್ನೊಂದು ಲಾಭ.

ಹಂತ 2: ಸಿಗ್ನಲ್ ಯಾವ ಬಗೆಯದು, ಕೇಬಲ್ ಯಾವುದು

ಮೈಕ್‌ನ ಸಿಗ್ನಲ್ ಕೆಲವೇ ಮಿಲಿವೋಲ್ಟ್. ಅದಕ್ಕೆ ಪ್ರೀಆಂಪ್ ಬೇಕೇ ಬೇಕು. ಕೀಬೋರ್ಡ್, ಮಿಕ್ಸರ್ ಇವುಗಳ ಔಟ್‌ಪುಟ್ ಲೈನ್ ಲೆವೆಲ್. ಸ್ಟುಡಿಯೋ ಉಪಕರಣಗಳಲ್ಲಿ ಅದು ಸುಮಾರು 1.23 ವೋಲ್ಟ್, ಮನೆಬಳಕೆಯವುಗಳಲ್ಲಿ ಸುಮಾರು 0.32 ವೋಲ್ಟ್. ಗಿಟಾರ್ ಅಥವಾ ವೀಣೆಗೆ ಅಂಟಿಸುವ ಪಿಕಪ್ ಮೂರನೇ ಬಗೆ. ಇಂಟರ್‌ಫೇಸ್‌ನಲ್ಲಿ ಅದಕ್ಕೆ ಇನ್‌ಸ್ಟ್ರುಮೆಂಟ್ ಎಂಬ ಬೇರೆ ಸ್ವಿಚ್ ಇರುತ್ತದೆ. ಅದನ್ನು ಒತ್ತದೆ ಲೈನ್‌ನಲ್ಲೇ ಬಿಟ್ಟರೆ ವೀಣೆಯ ನಾದ ತೆಳ್ಳಗೆ, ಮಂಕಾಗಿ ಬರುತ್ತದೆ.

ಇಂಟರ್‌ಫೇಸ್‌ನ ಮುಂದಿರುವ ಕಾಂಬೋ ಜಾಕ್‌ಗೆ ಎರಡು ಬಗೆಯ ಪಿನ್ನು ಹೋಗುತ್ತವೆ. ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಹಾಕಿದರೆ ಮೈಕ್ ದಾರಿ. ನಡುವಿನ ತೂತಿಗೆ ದಪ್ಪ ಜಾಕ್ ಹಾಕಿದರೆ ಲೈನ್ ದಾರಿ. ಕೀಬೋರ್ಡನ್ನು ಮೈಕ್ ದಾರಿಗೆ ಹಾಕಿ, ಸದ್ದು ಒಡೆಯುತ್ತಿದೆ ಎಂದು ಒದ್ದಾಡಬೇಡಿ.

ದಪ್ಪ ಜಾಕ್‌ನ ತುದಿಯಲ್ಲಿ ಒಂದು ಕಪ್ಪು ಗೆರೆ ಇದ್ದರೆ ಅದು ಟಿಎಸ್, ಎರಡು ಗೆರೆ ಇದ್ದರೆ ಟಿಆರ್‌ಎಸ್. ಟಿಆರ್‌ಎಸ್ ಮತ್ತು ಎಕ್ಸ್‌ಎಲ್‌ಆರ್ ಕೇಬಲ್‌ಗಳು ಬ್ಯಾಲೆನ್ಸ್‌ಡ್. ಅಂದರೆ ಒಂದೇ ಸಿಗ್ನಲನ್ನು ಎರಡು ತಂತಿಯಲ್ಲಿ ಒಂದಕ್ಕೊಂದು ತಲೆಕೆಳಗಾಗಿ ಕಳಿಸುತ್ತವೆ. ದಾರಿಯಲ್ಲಿ ಅಂಟಿಕೊಂಡ ಗಲಾಟೆ ಎರಡರಲ್ಲೂ ಒಂದೇ ತರ ಇರುತ್ತದೆ. ತಲುಪಿದ ಮೇಲೆ ಒಂದರಿಂದ ಇನ್ನೊಂದನ್ನು ಕಳೆದರೆ ಗಲಾಟೆ ಹೋಗಿ ಸಂಗೀತ ಉಳಿಯುತ್ತದೆ. ಟಿಎಸ್‌ಗೆ ಈ ರಕ್ಷಣೆ ಇಲ್ಲ. ಅದನ್ನು ನಾಲ್ಕೈದು ಮೀಟರ್‌ಗಿಂತ ಉದ್ದ ಎಳೆಯಬೇಡಿ.

ಇಲ್ಲೊಂದು ದೊಡ್ಡ ಹಳ್ಳ ಇದೆ, ಹುಷಾರು. ಫೋನ್‌ನಿಂದ ಹಾಡಿನ ಟ್ರ್ಯಾಕನ್ನು ಇಂಟರ್‌ಫೇಸ್‌ಗೆ ಕೊಡಲು ಹಲವರು ಒಂದೇ ಸ್ಟೀರಿಯೋ ಕೇಬಲನ್ನು ಒಂದೇ ಲೈನ್ ಇನ್‌ಪುಟ್‌ಗೆ ಚುಚ್ಚುತ್ತಾರೆ. ಫೋನ್‌ನ ಪಿನ್ನಿಗೂ ಎರಡು ಗೆರೆ ಇರುತ್ತವೆ, ನೋಡಲು ಟಿಆರ್‌ಎಸ್ ತರವೇ ಕಾಣುತ್ತದೆ. ಆದರೆ ಅಲ್ಲಿ ಎರಡು ತಂತಿಗಳಲ್ಲಿ ಇರುವುದು ಎಡ ಮತ್ತು ಬಲ. ಇಂಟರ್‌ಫೇಸ್ ಎಂದಿನಂತೆ ಒಂದರಿಂದ ಇನ್ನೊಂದನ್ನು ಕಳೆಯುತ್ತದೆ. ಎರಡೂ ಕಡೆ ಸಮನಾಗಿದ್ದದ್ದೆಲ್ಲ, ಅಂದರೆ ನಡುವೆ ಕೇಳಬೇಕಿದ್ದ ದನಿ, ಮಾಯವಾಗುತ್ತದೆ! ವಾದ್ಯಗಳು ಮಾತ್ರ ದೂರದಿಂದ ಬಂದಂತೆ ಕೇಳುತ್ತವೆ. ನನಗೆ ಬರುವ "ವಿಚಿತ್ರ ತೊಂದರೆ" ಪ್ರಶ್ನೆಗಳಲ್ಲಿ ಇದು ಬಹಳ ಸಲ ಇರುತ್ತದೆ. ಒಂದು ಕಡೆ ಫೋನ್ ಪಿನ್ನು, ಇನ್ನೊಂದು ಕಡೆ ಎರಡು ಟಿಎಸ್ ಜಾಕ್ ಇರುವ ಕವಲು ಕೇಬಲ್ ತಂದು ಎರಡು ಇನ್‌ಪುಟ್‌ಗೆ ಹಾಕಿ. ಅಷ್ಟೇ ಪರಿಹಾರ.

ಪ್ರತಿ ಕೇಬಲ್‌ನ ಎರಡೂ ತುದಿಗೆ ಟೇಪು ಅಂಟಿಸಿ ಹೆಸರು ಬರೆಯಿರಿ. ಒಂದೇ ತುದಿಗೆ ಬರೆದರೆ ಉಪಯೋಗವಿಲ್ಲ.

ಹಂತ 3: ಜೋಡಿಸುವ ಕ್ರಮ

ಸ್ಪೀಕರ್ ಆಫ್ ಇರಲಿ, ಎಲ್ಲ ಗೇನ್ ನಾಬ್ (ಪ್ರೀಆಂಪ್ ಸಿಗ್ನಲನ್ನು ಎಷ್ಟು ದೊಡ್ಡದು ಮಾಡಬೇಕೆಂದು ಇಡುವ ತಿರುಗಣೆ) ಸೊನ್ನೆಯಲ್ಲಿರಲಿ. ಕೇಬಲ್‌ಗಳನ್ನೆಲ್ಲ ಹಾಕಿ. ಆಮೇಲೆ 1ರಿಂದ 4ರ ಫ್ಯಾಂಟಮ್ ಆನ್ ಮಾಡಿ, ಹತ್ತು ಸೆಕೆಂಡ್ ಬಿಡಿ. ಕೊನೆಗೆ ಸ್ಪೀಕರ್.

ಫ್ಯಾಂಟಮ್ ಆನ್ ಇರುವಾಗ ಮೈಕ್ ಕೇಬಲ್ ಕೀಳಬೇಡಿ, ಹಾಕಬೇಡಿ. ಮಾಮೂಲಿ ಡೈನಮಿಕ್ ಮೈಕ್‌ಗೆ ಫ್ಯಾಂಟಮ್‌ನಿಂದ ತೊಂದರೆ ಇಲ್ಲ, ಕೇಬಲ್ ಸರಿಯಿದ್ದರೆ ಸಾಕು. ಹಾಗಾಗಿಯೇ ಟಾಕ್‌ಬ್ಯಾಕ್ ಮೈಕನ್ನು ಧೈರ್ಯವಾಗಿ 4ರಲ್ಲಿ ಇಟ್ಟಿದ್ದೇನೆ. ಹಳೆಯ ರಿಬ್ಬನ್ ಮೈಕ್‌ಗೆ ಮಾತ್ರ ಅಪಾಯ ಇದೆ. ಕೀಬೋರ್ಡನ್ನು ಎಕ್ಸ್‌ಎಲ್‌ಆರ್ ಕೇಬಲ್‌ನಲ್ಲಿ ಫ್ಯಾಂಟಮ್ ಇರುವ ಇನ್‌ಪುಟ್‌ಗೆ ಕೊಡುವುದೂ ಬೇಡ.

ಹಂತ 4: ಗೇನ್

ಗಾಯಕಿಗೆ ಹಾಡಿನ ಅತಿ ಜೋರಿನ ಸಾಲನ್ನೇ ಹಾಡಲು ಹೇಳಿ. "ಹಲೋ, ಮೈಕ್ ಟೆಸ್ಟಿಂಗ್" ನೋಡಿ ಗೇನ್ ಇಟ್ಟರೆ ತಾರಸ್ಥಾಯಿಗೆ ಹೋದಾಗ ಸದ್ದು ಒಡೆಯುವುದು ಖಂಡಿತ. ಕಂಪ್ಯೂಟರ್‌ನ ರೆಕಾರ್ಡಿಂಗ್ ಸಾಫ್ಟ್‌ವೇರ್‌ನ ಮೀಟರ್‌ನಲ್ಲಿ ಅತಿ ಎತ್ತರದ ಏರು −12 ಡಿಬಿ ಆಸುಪಾಸಿನಲ್ಲಿ ಇರಲಿ, −6 ದಾಟದಿರಲಿ. ತಬಲಾದ ಪೆಟ್ಟು ತಟ್ಟನೆ ಏರುತ್ತದೆ, ಅದಕ್ಕೆ ಇನ್ನೂ ಸ್ವಲ್ಪ ಜಾಗ ಬಿಡಿ. 24 ಬಿಟ್‌ನಲ್ಲಿ ರೆಕಾರ್ಡ್ ಮಾಡುವಾಗ ಮೀಟರ್ ತುಂಬಿಸಬೇಕಾದ ಅಗತ್ಯವೇ ಇಲ್ಲ. ಕಡಿಮೆ ಬಂದದ್ದನ್ನು ಆಮೇಲೆ ಏರಿಸಬಹುದು. ಒಡೆದದ್ದು ಮತ್ತೆ ಕೂಡುವುದಿಲ್ಲ.

ಸಾಫ್ಟ್‌ವೇರ್‌ನಲ್ಲಿರುವ ಫೇಡರನ್ನು, ಅಂದರೆ ಮೇಲೆ ಕೆಳಗೆ ಜಾರಿಸುವ ವಾಲ್ಯೂಮ್ ಪಟ್ಟಿಯನ್ನು, ಎಳೆದರೆ ರೆಕಾರ್ಡ್ ಲೆವೆಲ್ ಬದಲಾಗುವುದಿಲ್ಲ. ಅದು ಕೇಳುವ ದಾರಿಯ ತೂಬು. ರೆಕಾರ್ಡ್ ದಾರಿಯ ತೂಬು ಇರುವುದು ಇಂಟರ್‌ಫೇಸ್‌ನ ಗೇನ್ ನಾಬ್‌ನಲ್ಲಿ ಮಾತ್ರ. ಕೆಂಪು ದೀಪ ಉರಿಯುತ್ತಿರುವಾಗ ಫೇಡರ್ ಇಳಿಸಿ ಸಮಾಧಾನಪಟ್ಟುಕೊಂಡರೆ ಒಡೆದ ಸದ್ದೇ ಮೆಲ್ಲಗೆ ಕೇಳುತ್ತದೆ.

ಹಂತ 5: ಸಾಫ್ಟ್‌ವೇರ್‌ಗೆ ಪರಿಚಯ ಮಾಡಿಸುವುದು

ರೀಪರ್, ಕ್ಯೂಬೇಸ್, ಲಾಜಿಕ್ ಯಾವುದಾದರೂ ಆಗಲಿ, ಕೆಲಸ ಒಂದೇ. ಆಡಿಯೋ ಸೆಟ್ಟಿಂಗ್‌ನಲ್ಲಿ ಇಂಟರ್‌ಫೇಸನ್ನು ಆರಿಸಿ. ವಿಂಡೋಸ್‌ನಲ್ಲಿ ತಯಾರಕರು ಕೊಟ್ಟ ಆಸಿಯೋ (ASIO) ಡ್ರೈವರ್, ಅಂದರೆ ಇಂಟರ್‌ಫೇಸನ್ನೂ ಕಂಪ್ಯೂಟರನ್ನೂ ಬೆಸೆಯುವ ಸಾಫ್ಟ್‌ವೇರ್, ಹಾಕಿಕೊಳ್ಳಿ, ವಿಂಡೋಸ್‌ನ ಮಾಮೂಲಿ ಡ್ರೈವರ್ ಬೇಡ. ಸ್ಯಾಂಪಲ್ ರೇಟ್, ಅಂದರೆ ಸೆಕೆಂಡ್‌ಗೆ ಎಷ್ಟು ಸಲ ಸದ್ದನ್ನು ಅಳೆಯುವುದು ಎಂಬುದನ್ನು, 48 ಕಿಲೋಹರ್ಟ್ಸ್ ಇಡಿ, ವಿಡಿಯೋಗೂ ಅದೇ ನಡೆಯುತ್ತದೆ. ಆಮೇಲೆ ಟ್ರ್ಯಾಕ್ 1ಕ್ಕೆ ಇನ್‌ಪುಟ್ 1, ಟ್ರ್ಯಾಕ್ 2ಕ್ಕೆ ಇನ್‌ಪುಟ್ 2, ಹೀಗೆ ಕೊಡುತ್ತ ಬನ್ನಿ. ಹೊಸ ಟ್ರ್ಯಾಕ್ ತೆರೆದಾಗ ಹಲವು ಸಲ ತಾನಾಗಿಯೇ ಇನ್‌ಪುಟ್ 1 ಬಂದು ಕೂರುತ್ತದೆ. ನೋಡದೆ ಮುಂದೆ ಹೋದರೆ ಎಲ್ಲ ಟ್ರ್ಯಾಕ್‌ನಲ್ಲೂ ಗಾಯಕಿಯೇ ಇರುತ್ತಾರೆ. ಒಬ್ಬೊಬ್ಬರ ಮೈಕನ್ನೂ ಬೆರಳ ತುದಿಯಿಂದ ಮೆಲ್ಲಗೆ ತಟ್ಟಿ, ಸರಿಯಾದ ಮೀಟರ್ ಏಳುತ್ತದೆಯೇ ನೋಡಿ.

ಹಂತ 6: ಹೆಡ್‌ಫೋನ್

ಇಲ್ಲಿ ನಿಧಾನವಾಗಿ ಓದಿ. ಹಾಡು ಚೆನ್ನಾಗಿ ಬರುವುದು, ಬಾರದಿರುವುದು ಬಹುಪಾಲು ಇಲ್ಲೇ ತೀರ್ಮಾನವಾಗುತ್ತದೆ. ಕಿವಿಗೆ ಸರಿಯಾಗಿ ಬೀಳದಿದ್ದರೆ ಎಂಥ ಗಾಯಕರೂ ಶ್ರುತಿಯಲ್ಲಿ ನಿಲ್ಲಲಾರರು.

ಮೈಕ್‌ನಿಂದ ಹೋದ ದನಿ ಕಂಪ್ಯೂಟರ್ ಒಳಗೆ ಹೋಗಿ, ಸಾಫ್ಟ್‌ವೇರ್ ದಾಟಿ, ವಾಪಸ್ ಹೆಡ್‌ಫೋನ್‌ಗೆ ಬರುವಷ್ಟರಲ್ಲಿ ತಡವಾಗುತ್ತದೆ. ಇದಕ್ಕೆ ಲೇಟೆನ್ಸಿ ಎನ್ನುತ್ತಾರೆ. ಕಂಪ್ಯೂಟರ್ ಸದ್ದನ್ನು ಬಫರ್ ಎಂಬ ಕಂತುಗಳಲ್ಲಿ ತೆಗೆದುಕೊಳ್ಳುತ್ತದೆ. 48 ಕಿಲೋಹರ್ಟ್ಸ್‌ನಲ್ಲಿ 64 ಸ್ಯಾಂಪಲ್ ಬಫರ್ ಅಂದರೆ 1.3 ಮಿಲಿಸೆಕೆಂಡ್, 256 ಅಂದರೆ 5.3, 1024 ಅಂದರೆ 21.3. ಇದು ಒಂದು ಕಡೆಯ ಲೆಕ್ಕ. ಹೋಗಿ ಬರಲು ಇದರ ಎರಡರಷ್ಟು, ಅದರ ಮೇಲೆ ಇನ್ನೂ ಸ್ವಲ್ಪ. ಗಾಳಿಯಲ್ಲಿ ಸದ್ದು 1 ಮಿಲಿಸೆಕೆಂಡ್‌ಗೆ ಸುಮಾರು 34 ಸೆಂಟಿಮೀಟರ್ ಹೋಗುತ್ತದೆ. ಅಂದರೆ 40 ಮಿಲಿಸೆಕೆಂಡ್ ತಡವಾದರೆ ತಬಲಾದವರಿಗೆ ತಮ್ಮ ಪೆಟ್ಟು ಸುಮಾರು 14 ಮೀಟರ್ ಆಚೆಯಿಂದ ಕೇಳಿದಂತೆ. ಲಯ ಜಾರದೆ ಇನ್ನೇನಾಗುತ್ತದೆ, ಅಲ್ವಾ?

ಇದಕ್ಕೆ ನೇರ ದಾರಿ ಡೈರೆಕ್ಟ್ ಮಾನಿಟರಿಂಗ್. ದನಿ ಕಂಪ್ಯೂಟರ್‌ಗೆ ಹೋಗುವ ಮೊದಲೇ ಇಂಟರ್‌ಫೇಸ್ ಅದರ ಒಂದು ಕವಲನ್ನು ಹೆಡ್‌ಫೋನ್‌ಗೆ ತಿರುಗಿಸುತ್ತದೆ. ತಡವಾದದ್ದು ಕಿವಿಗೆ ಗೊತ್ತೇ ಆಗುವುದಿಲ್ಲ. ದೊಡ್ಡ ಇಂಟರ್‌ಫೇಸ್‌ಗಳ ಜೊತೆ ಅದರದೇ ಒಂದು ಮಿಕ್ಸರ್ ಸಾಫ್ಟ್‌ವೇರ್ ಬರುತ್ತದೆ. ಆರ್‌ಎಂಇಯವರ ಟೋಟಲ್‌ಮಿಕ್ಸ್, ಫೋಕಸ್‌ರೈಟ್ ಕಂಟ್ರೋಲ್ ಅಂಥವು. ಅದನ್ನು ತೆರೆದು ಔಟ್‌ಪುಟ್ 3 ಮತ್ತು 4ನ್ನು ಆರಿಸಿ, ಈ ಕ್ರಮದಲ್ಲಿ ಸೇರಿಸಿ:

ಮೊದಲು, ಕಂಪ್ಯೂಟರ್‌ನಿಂದ ವಾಪಸ್ ಬರುವ ಪ್ಲೇಬ್ಯಾಕ್ 1 ಮತ್ತು 2. ಇದರಲ್ಲಿ ಶ್ರುತಿ, ತಾಳದ ಕ್ಲಿಕ್, ಮೊದಲೇ ರೆಕಾರ್ಡ್ ಆದ ವಾದ್ಯ ಎಲ್ಲ ಇರುತ್ತದೆ.
ಎರಡನೆಯದು, ಇನ್‌ಪುಟ್ 1, ಗಾಯಕಿಯ ದನಿ.
ಮೂರನೆಯದು, ಉಳಿದ ವಾದ್ಯಗಳ ಇನ್‌ಪುಟ್, ಎಷ್ಟು ಬೇಕೋ ಅಷ್ಟು.

ಈಗ ಮುಖ್ಯ ಎಚ್ಚರಿಕೆ. ಡೈರೆಕ್ಟ್ ಮಾನಿಟರಿಂಗ್ ಹಾಕಿದ ಮೇಲೆ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ಆ ಟ್ರ್ಯಾಕ್‌ಗಳ ಮಾನಿಟರ್ ಬಟನ್ ಆಫ್ ಮಾಡಿ. ರೀಪರ್, ಕ್ಯೂಬೇಸ್‌ಗಳಲ್ಲಿ ಅದು ಸ್ಪೀಕರ್ ಚಿತ್ರದ ಸಣ್ಣ ಬಟನ್. ಆಫ್ ಮಾಡದಿದ್ದರೆ ದನಿ ಒಂದು ಸಲ ನೇರವಾಗಿ, ಇನ್ನೊಂದು ಸಲ ಕಂಪ್ಯೂಟರ್ ಸುತ್ತಿಕೊಂಡು ಬರುತ್ತದೆ. "ಎರಡೆರಡು ಸಲ ಕೇಳುತ್ತಿದೆ" ಎನ್ನುವ ದೂರಿನ ಕಾರಣ ಇದೇ. ಬಫರ್ ಚಿಕ್ಕದಿದ್ದರೆ ಎರಡು ಸಲ ಎಂದು ಗೊತ್ತಾಗುವುದೂ ಇಲ್ಲ. ದನಿ ಡಬ್ಬದೊಳಗಿನಿಂದ ಬಂದಂತೆ ಟೊಳ್ಳಾಗುತ್ತದೆ, ಮೈಕ್ ಕೆಟ್ಟಿದೆ ಎಂದುಕೊಳ್ಳುತ್ತೇವೆ.

ಗಾಯಕಿ ಬೇಸುರಾಗುತ್ತಿದ್ದರೆ ಮೊದಲು ಹೆಡ್‌ಫೋನ್ ವಾಲ್ಯೂಮ್ ಇಳಿಸಿ ನೋಡಿ. ತುಂಬ ಜೋರಿದ್ದಾಗ ಶ್ರುತಿ ಹಿಡಿಯುವುದು ಕಷ್ಟ. ಶ್ರುತಿ ಸ್ವಲ್ಪ ಜಾಸ್ತಿ, ಸ್ವಂತ ದನಿ ಸ್ವಲ್ಪ ಕಡಿಮೆ ಕೊಡಿ. ಕೆಲವರು ಒಂದು ಕಿವಿ ಬಿಟ್ಟು ಹಾಡಲು ಇಷ್ಟಪಡುತ್ತಾರೆ. ಬೇಡ ಎನ್ನಬೇಡಿ, ಬಿಟ್ಟ ಕಿವಿಯ ಕಡೆಯ ಸದ್ದು ಮಾತ್ರ ಮುಚ್ಚಿ. ಇಲ್ಲದಿದ್ದರೆ ಕ್ಲಿಕ್ ಮೈಕ್‌ಗೆ ಸೋರುತ್ತದೆ.

ಹಂತ 7: ರಿವರ್ಬ್ ಕೇಳಿಸಲಿ, ರೆಕಾರ್ಡ್ ಆಗದಿರಲಿ

ಬರಿ ದನಿಯಲ್ಲಿ ಹಾಡಲು ಹಲವರಿಗೆ ಹಿತವಾಗುವುದಿಲ್ಲ, ಸ್ವಲ್ಪ ರಿವರ್ಬ್, ಅಂದರೆ ಸಭಾಂಗಣದಲ್ಲಿ ಹಾಡಿದಂಥ ಗುಂಗು ಬೇಕು. ಆದರೆ ಅದು ರೆಕಾರ್ಡ್‌ನೊಳಗೆ ಸೇರಬಾರದು, ಆಮೇಲೆ ತೆಗೆಯಲಾಗುವುದಿಲ್ಲ.

ಇಂಟರ್‌ಫೇಸ್‌ನಲ್ಲೇ ರಿವರ್ಬ್ ಇದ್ದರೆ ಅದನ್ನು ಔಟ್‌ಪುಟ್ 3 ಮತ್ತು 4ಕ್ಕೆ ಮಾತ್ರ ಕೊಡಿ. ಇಲ್ಲದಿದ್ದರೆ ಹೀಗೆ ಮಾಡಿ. ಸಾಫ್ಟ್‌ವೇರ್‌ನಲ್ಲಿ ಒಂದು ಖಾಲಿ ಟ್ರ್ಯಾಕ್ ತೆರೆದು ಅದರಲ್ಲಿ ರಿವರ್ಬ್ ಹಾಕಿ. ಅದರಲ್ಲಿ ಬರಿ ಗುಂಗು ಮಾತ್ರ ಇರಲಿ, ಮೂಲ ದನಿ ಸೊನ್ನೆ. ಗಾಯಕಿಯ ಟ್ರ್ಯಾಕ್‌ನಿಂದ ಅಲ್ಲಿಗೆ ಒಂದು ಸೆಂಡ್ ಕೊಡಿ. ಸೆಂಡ್ ಅಂದರೆ ಸಿಗ್ನಲ್‌ನ ಇನ್ನೊಂದು ಪ್ರತಿಯನ್ನು ಬೇರೆ ಕಡೆ ಕಳಿಸುವ ಕವಲು. ಅದು ಪ್ರೀಫೇಡರ್ ಇರಲಿ, ಅಂದರೆ ಫೇಡರ್‌ಗಿಂತ ಮೊದಲೇ ಕವಲೊಡೆಯಲಿ. ಈಗ ಗಾಯಕಿಯ ಟ್ರ್ಯಾಕ್‌ನ ಫೇಡರ್ ಪೂರ್ತಿ ಕೆಳಗಿಳಿಸಿ, ಇದೊಂದು ಟ್ರ್ಯಾಕ್‌ಗೆ ಮಾತ್ರ ಮಾನಿಟರ್ ಬಟನ್ ಆನ್ ಮಾಡಿ. ಮೂಲ ದನಿ ನೇರ ದಾರಿಯಲ್ಲಿ, ತಡವಿಲ್ಲದೆ ಬರುತ್ತದೆ. ಗುಂಗು ಕಂಪ್ಯೂಟರ್‌ನಿಂದ ಬರುತ್ತದೆ. ಗುಂಗು ಕೆಲವು ಮಿಲಿಸೆಕೆಂಡ್ ತಡವಾದರೆ ಏನೂ ನಷ್ಟವಿಲ್ಲ, ನಿಜವಾದ ಸಭಾಂಗಣದಲ್ಲೂ ಅದು ತಡವಾಗಿಯೇ ಬರುವುದು. ರೆಕಾರ್ಡ್ ಆಗುವುದು ಮಾತ್ರ ಬರಿ ದನಿ. ಟೇಕ್ ಕೇಳಿಸುವಾಗ ಫೇಡರ್ ಮೇಲೆತ್ತಲು ಮರೆಯಬೇಡಿ.

ಹಂತ 8: ಟಾಕ್‌ಬ್ಯಾಕ್

ಇನ್‌ಪುಟ್ 4ನ್ನು ಇಂಟರ್‌ಫೇಸ್ ಮಿಕ್ಸರ್‌ನಲ್ಲಿ ಔಟ್‌ಪುಟ್ 3 ಮತ್ತು 4ಕ್ಕೆ ಮಾತ್ರ ಕೊಡಿ. 1 ಮತ್ತು 2ಕ್ಕೆ ಕೊಟ್ಟರೆ ನಿಮ್ಮ ಮಾತು ನಿಮ್ಮ ಸ್ಪೀಕರ್‌ನಿಂದ ಹೊರಬಂದು, ಮತ್ತೆ ಅದೇ ಮೈಕ್‌ಗೆ ಹೊಕ್ಕು ಕುಂಯ್ ಎಂದು ಕೂಗಲು ಶುರುವಾಗುತ್ತದೆ. ಸ್ವಿಚ್ ಇರುವ ಮೈಕ್ ಆದರೆ ಒಳ್ಳೆಯದು, ಟೇಕ್ ನಡೆಯುವಾಗ ಆಫ್ ಇರಲಿ. ನಾನು ಟಾಕ್‌ಬ್ಯಾಕನ್ನೂ ಒಂದು ಟ್ರ್ಯಾಕ್‌ನಲ್ಲಿ ರೆಕಾರ್ಡ್ ಮಾಡುತ್ತೇನೆ. "ಎರಡನೇ ಚರಣ ಇದರಲ್ಲೇ ಚೆನ್ನಾಗಿತ್ತು" ಎಂದು ಆಗ ಆಡಿದ ಮಾತು ಎಡಿಟ್ ಮಾಡುವಾಗ ತುಂಬ ಸಹಾಯಕ್ಕೆ ಬರುತ್ತದೆ.

ಹಂತ 9: ಗುಂಯ್ ಎನ್ನುವ ಸದ್ದು ಬಂದರೆ

ನಮ್ಮ ಮನೆಯ ಕರೆಂಟ್ 50 ಹರ್ಟ್ಸ್. ಅದೇ ಸದ್ದು, ಅದರ ದುಪ್ಪಟ್ಟು 100 ಹರ್ಟ್ಸ್‌ನ ಸದ್ದು ರೆಕಾರ್ಡ್‌ಗೆ ನುಗ್ಗುತ್ತದೆ. ಹೆಚ್ಚಾಗಿ ಇದಕ್ಕೆ ಕಾರಣ, ಎರಡು ಉಪಕರಣಗಳು ಬೇರೆ ಬೇರೆ ಗೋಡೆ ಪ್ಲಗ್‌ನಿಂದ ಅರ್ಥಿಂಗ್ ಪಡೆದು, ಆಡಿಯೋ ಕೇಬಲ್ ಮೂಲಕವೂ ಒಂದಕ್ಕೊಂದು ಸೇರಿ ಒಂದು ಸುತ್ತು ಆಗಿರುವುದು. ಎಲ್ಲವನ್ನೂ ಒಂದೇ ಪ್ಲಗ್ ಪಾಯಿಂಟ್‌ನ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ತನ್ನಿ. ಆಮೇಲೆ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ನೋಡಿ. ಸದ್ದು ನಿಂತರೆ ಕಾರಣ ಅದೇ, ಟೇಕ್ ಹೊತ್ತಿಗೆ ಬ್ಯಾಟರಿಯಲ್ಲಿ ನಡೆಸಿ. ಎಲೆಕ್ಟ್ರಾನಿಕ್ ಫ್ಯಾನ್ ರೆಗ್ಯುಲೇಟರ್, ಲೈಟ್ ಡಿಮ್ಮರ್ ಕೂಡ ಜುಂಯ್ ಎನ್ನಿಸುತ್ತವೆ. ಕರೆಂಟ್ ಹೋಗಿ ಇನ್ವರ್ಟರ್ ಮೇಲೆ ನಡೆಯುವಾಗ ಮಾತ್ರ ಸದ್ದು ಬರುತ್ತದೆಯೇ? ನಿಮ್ಮದು ಸ್ಕ್ವೇರ್ ವೇವ್ ಇನ್ವರ್ಟರ್ ಇರಬಹುದು. ಸ್ಟುಡಿಯೋಗೆ ಸೈನ್ ವೇವ್ ಬಗೆಯದ್ದೇ ಬೇಕು. ಕೀಬೋರ್ಡ್‌ನಿಂದ ಗುಂಯ್ ಬಂದರೆ ಡಿಐ ಬಾಕ್ಸ್ (ವಾದ್ಯದ ಸಿಗ್ನಲನ್ನು ಮೈಕ್ ದಾರಿಗೆ ಹೊಂದಿಸುವ ಸಣ್ಣ ಪೆಟ್ಟಿಗೆ) ನಡುವೆ ಹಾಕಿ, ಆಡಿಯೋ ಕೇಬಲ್‌ನ ಗ್ರೌಂಡ್ ಸಂಪರ್ಕ ಬಿಡಿಸುವ ಅದರ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿ. ಡಿಐ ಬಾಕ್ಸ್‌ನಿಂದ ಹೊರಬರುವುದು ಮೈಕ್ ಲೆವೆಲ್, ಆದ್ದರಿಂದ ಆಗ ಎಕ್ಸ್‌ಎಲ್‌ಆರ್‌ನಲ್ಲೇ ಕೊಡಬೇಕು.

ಪ್ಲಗ್‌ನ ಮೇಲಿನ ದಪ್ಪ ಪಿನ್ನನ್ನು ಕಿತ್ತರೆ ಗುಂಯ್ ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಅದು ಅರ್ಥಿಂಗ್ ಪಿನ್ನು. ಹಾಡುವವರ ತುಟಿ ಮೈಕ್‌ನ ಲೋಹದ ಜಾಲರಿಗೆ ತಾಗುತ್ತಿರುತ್ತದೆ. ಕೀಬೋರ್ಡ್ ನುಡಿಸುವವರ ಎರಡೂ ಕೈ ಉಪಕರಣದ ಮೇಲಿರುತ್ತವೆ. ಒಳಗೆ ಎಲ್ಲಾದರೂ ತಂತಿ ಸಡಿಲವಾದರೆ ಆ ಪಿನ್ನೇ ಅವರ ಪ್ರಾಣ ಉಳಿಸುವುದು. ಮನೆಯ ಅರ್ಥಿಂಗ್ ಮೇಲೆ ಅನುಮಾನ ಇದ್ದರೆ ಎಲೆಕ್ಟ್ರಿಷಿಯನ್ ಕರೆಸಿ ಅಳೆಸಿ. ಹೊಸ ಮೈಕ್ ಕೊಳ್ಳುವ ಮೊದಲು ಈ ಖರ್ಚು ಮಾಡಿ.

ಹಂತ 10: ಏನೂ ಕೇಳದಿದ್ದಾಗ ಹುಡುಕುವ ಬಗೆ

ತೋಟದ ಕೊನೆಯ ಮಡಿಗೆ ನೀರು ಬರದಿದ್ದರೆ ಏನು ಮಾಡುತ್ತೀರಿ? ಕಾಲುವೆ ಹಿಡಿದು ನಡೆದು, ನೀರು ಎಲ್ಲಿಯವರೆಗೆ ಬಂದಿದೆ ಎಂದು ನೋಡುತ್ತೀರಿ. ಇಲ್ಲೂ ಹಾಗೇ. ಸಿಕ್ಕ ಸಿಕ್ಕ ನಾಬ್ ತಿರುಗಿಸಬೇಡಿ.

ಮೊದಲು ನಡುದಾರಿಯಲ್ಲಿ ನೋಡಿ: ಹಾಡಿದಾಗ ಇಂಟರ್‌ಫೇಸ್‌ನ ಹಸಿರು ದೀಪ ಏಳುತ್ತದೆಯೇ? ಏಳದಿದ್ದರೆ ತೊಂದರೆ ಅದಕ್ಕಿಂತ ಹಿಂದೆ ಇದೆ. ಫ್ಯಾಂಟಮ್, ಗೇನ್, ಕೇಬಲ್, ಮೈಕ್, ಈ ಕ್ರಮದಲ್ಲಿ ನೋಡಿ. ಚೆನ್ನಾಗಿರುವ ಕೇಬಲ್ ಒಂದನ್ನು ಯಾವಾಗಲೂ ಕೈಯಲ್ಲಿಟ್ಟುಕೊಳ್ಳಿ, ಬದಲಿಸಿ ನೋಡುವುದೇ ಬೇಗ ಮುಗಿಯುವ ಪರೀಕ್ಷೆ. ದೀಪ ಏಳುತ್ತಿದ್ದರೆ ಸಾಫ್ಟ್‌ವೇರ್ ಮೀಟರ್ ನೋಡಿ. ಅಲ್ಲಿ ಇಲ್ಲದಿದ್ದರೆ ಟ್ರ್ಯಾಕ್‌ನ ಇನ್‌ಪುಟ್ ಅಥವಾ ಡ್ರೈವರ್ ತಪ್ಪಾಗಿದೆ. ಅಲ್ಲೂ ಇದ್ದು ಕಿವಿಗೆ ಮಾತ್ರ ಬಾರದಿದ್ದರೆ ರೆಕಾರ್ಡ್ ದಾರಿ ಸರಿಯಿದೆ, ಕೇಳುವ ದಾರಿ ಎಲ್ಲೋ ಮುಚ್ಚಿದೆ. ಇಂಟರ್‌ಫೇಸ್ ಮಿಕ್ಸರ್‌ನ 3 ಮತ್ತು 4, ಹೆಡ್‌ಫೋನ್ ಆಂಪ್, ಅದರ ವಾಲ್ಯೂಮ್ ನೋಡಿ. ಈ ತೊಂದರೆ ಇದ್ದರೂ ರೆಕಾರ್ಡ್ ಆಗುತ್ತಲೇ ಇರುತ್ತದೆ, ಗಾಬರಿ ಬೇಡ.

ಮುಂದೆ ಮೈಕ್ ಹೆಚ್ಚಾಗಿ ಅಡಾಟ್ ಕೇಬಲ್‌ನಲ್ಲಿ ಇನ್ನೊಂದು 8 ಪ್ರೀಆಂಪ್ ಪೆಟ್ಟಿಗೆ ಸೇರಿಸಿದರೆ ಇನ್ನೂ ಎರಡು ಸಂಗತಿ ನೆನಪಿರಲಿ. 48 ಕಿಲೋಹರ್ಟ್ಸ್‌ನಲ್ಲಿ ಒಂದು ಅಡಾಟ್ ಕೇಬಲ್ 8 ಚಾನಲ್ ಒಯ್ಯುತ್ತದೆ, 96ಕ್ಕೆ ಏರಿಸಿದರೆ 4 ಮಾತ್ರ. ಎರಡು ಪೆಟ್ಟಿಗೆಗಳ ಗಡಿಯಾರವೂ ಒಂದೇ ಆಗಬೇಕು. ಒಂದನ್ನು ಮಾಸ್ಟರ್ ಮಾಡಿ, ಇನ್ನೊಂದು ಅದನ್ನೇ ಅನುಸರಿಸುವಂತೆ ಸೆಟ್ ಮಾಡಿ. ಹೊಸ ಪೆಟ್ಟಿಗೆ ಬಂದ ಮೇಲೆ ಆಗಾಗ ಚಟ್ ಚಟ್ ಎನ್ನುವ ಸದ್ದು ಶುರುವಾಗಿದ್ದರೆ ಕೇಬಲ್ ಬದಲಿಸುವ ಮೊದಲು ಕ್ಲಾಕ್ ಸೆಟ್ಟಿಂಗ್ ನೋಡಿ.

ಎಲ್ಲ ಸರಿಹೋದ ಮೇಲೆ ಆ ಪ್ರಾಜೆಕ್ಟನ್ನು ಖಾಲಿ ಟ್ರ್ಯಾಕ್‌ಗಳ ಸಮೇತ ಟೆಂಪ್ಲೇಟ್ ಆಗಿ ಉಳಿಸಿ. ಇಂಟರ್‌ಫೇಸ್ ಮಿಕ್ಸರ್‌ನ ಸೆಟ್ಟಿಂಗನ್ನೂ ಬೇರೆಯಾಗಿ ಉಳಿಸಬೇಕು, ಅದು ಪ್ರಾಜೆಕ್ಟ್ ಜೊತೆ ತಾನಾಗಿ ಉಳಿಯುವುದಿಲ್ಲ. ಮೊದಲು ಬರೆದ ಹಾಳೆಯನ್ನು ಇಂಟರ್‌ಫೇಸ್ ಪಕ್ಕದ ಗೋಡೆಗೆ ಅಂಟಿಸಿ. ಕೆಲಸ ಮುಗಿಸಿ ಏಳುವಾಗ ಮೊದಲು ಸ್ಪೀಕರ್ ಆಫ್ ಮಾಡಿ, ಆಮೇಲೆ ಫ್ಯಾಂಟಮ್, ಕೊನೆಗೆ ಉಳಿದದ್ದು.